ರಕ್ತನಾಳದ ಕವಲಲ್ಲೇ ಬ್ಲಾಕ್: ಬಳ್ಳಾರಿಯಲ್ಲಿ ಒಂದು ಸ್ಟೆಂಟ್ ಅಂದರು, ಹೈದರಾಬಾದ್‌ನಲ್ಲಿ ಎರಡು ಅಂದರು

ಕಾರಟಗಿ ಹುಡುಗ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನ ವಿಷಯಕ್ಕೆ ಸಲಹೆ ಬೇಕಿತ್ತು.

ಅಪ್ಪನಿಗೆ 61. ಭತ್ತ ಬೆಳೆಯುತ್ತಾರೆ. ಶುಗರ್ ಬಂದು ಎಂಟು ವರ್ಷ. ಎರಡು ತಿಂಗಳಿಂದ ಕಾಲುವೆ ಏರಿ ಮೇಲೆ ಸ್ವಲ್ಪ ಜೋರಾಗಿ ನಡೆದರೆ ಎದೆ ಬಿಗಿದ ಹಾಗೆ ಆಗುತ್ತಿತ್ತಂತೆ. ನಿಂತರೆ ಹೋಗುತ್ತಿತ್ತಂತೆ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದೇ ದಿನ ದೂಡಿದ್ದಾರೆ. ನಮಗೆ ಬಾಯಿ ಬಿಟ್ಟಿದ್ದು ಕಳೆದ ವಾರ. ಬಳ್ಳಾರಿಗೆ ಕರೆದುಕೊಂಡು ಹೋದೆವು, ಆಂಜಿಯೋಗ್ರಾಂ ಆಯಿತು. ಎಲ್‌ಎಡಿ ಅನ್ನುವ ದೊಡ್ಡ ನಾಳದಲ್ಲಿ ಬ್ಲಾಕ್ ಇದೆ. ಅದೂ ಸರಿಯಾಗಿ ಡಯಾಗ್ನಲ್ ಅನ್ನುವ ಟಿಸಿಲು ಒಡೆಯುವ ಜಾಗದಲ್ಲಿ. ರಿಪೋರ್ಟ್‌ನಲ್ಲಿ "ಮೆಡಿನಾ 1,1,1" ಅಂತ ಬರೆದಿದ್ದಾರೆ.

ಬಳ್ಳಾರಿ ಡಾಕ್ಟರ್ ಹೇಳಿದ್ದು ಹೀಗೆ: ದೊಡ್ಡ ನಾಳಕ್ಕೆ ಒಂದು ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಹಾಕೋಣ, ಟಿಸಿಲು ಹೇಗಿರುತ್ತೆ ನೋಡೋಣ, ಬೇಕಾದರೆ ಮಾತ್ರ ಎರಡನೆಯದು. ನಮ್ಮ ಮಾವ ಅಲ್ಲಿಗೆ ಬಿಡಲಿಲ್ಲ. ಹೈದರಾಬಾದ್‌ನಲ್ಲಿ ಪರಿಚಯದ ಡಾಕ್ಟರಿಗೆ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದರು. ಅವರು "ಎರಡು ಸ್ಟೆಂಟ್ ಬೇಕಾಗಬಹುದು, ಡಿಕೆ ಕ್ರಷ್" ಅಂದರು. ಈಗ ಮನೆಯಲ್ಲಿ ಎರಡು ಪಾರ್ಟಿ ಆಗಿವೆ. ಅಪ್ಪ ಮಾತ್ರ "ಎರಡು ಹಾಕಿದರೆ ಗಟ್ಟಿ ಅಲ್ವಾ" ಅನ್ನುತ್ತಾರೆ, ಬೋರ್‌ವೆಲ್‌ಗೆ ಕೇಸಿಂಗ್ ಪೈಪ್ ಇಳಿಸುವ ಲೆಕ್ಕದಲ್ಲಿ.

ಯಾರ ಮಾತು ಕೇಳಬೇಕು? ಗುರುವಾರದೊಳಗೆ ಹೇಳಬೇಕು.

ರಾಯಚೂರು ಅಕ್ಕ · ಭಾನುವಾರ, ರಾತ್ರಿ 10:05

ತಮ್ಮಾ, ಎರಡೇ ಹಾಕಿಸು. ನಮ್ಮ ಅವ್ವನಿಗೆ ಮೂರು ವರ್ಷದ ಹಿಂದೆ ಇಂಥದ್ದೇ ಆಗಿತ್ತು. ಲೆಫ್ಟ್ ಮೇನ್ ಅಂದಿದ್ದರು. ಹೈದರಾಬಾದ್‌ಗೆ ಒಯ್ದೆವು. ಎರಡು ಸ್ಟೆಂಟ್ ಹಾಕಿದರು, ಅದೇ ಡಿಕೆ ಕ್ರಷ್. ಈಗ ದಿನಾ ಬೆಳಿಗ್ಗೆ ಗುಡಿಗೆ ನಡೆದುಕೊಂಡೇ ಹೋಗುತ್ತಾಳೆ. ಜೋಳದ ರೊಟ್ಟಿ ತಾನೇ ತಟ್ಟುತ್ತಾಳೆ. ಅರ್ಧ ಕೆಲಸ ಮಾಡಿಸಿ ಮತ್ತೆ ಇನ್ನೊಂದು ಸಲ ಯಾಕೆ ಮಲಗಿಸಬೇಕು?

ಸಿರುಗುಪ್ಪ ಕಿರಾಣಿ · ಭಾನುವಾರ, ರಾತ್ರಿ 10:20

ಎರಡು ಸ್ಟೆಂಟ್ ಅಂದರೆ ಎರಡು ಬಿಲ್. ಇದಕ್ಕೆ ಇಷ್ಟು ಚರ್ಚೆ ಯಾಕೆ? ಒಂದು ಹಾಕ್ತೀನಿ ಅನ್ನುವ ಡಾಕ್ಟರನ್ನು ನಂಬಿ.

ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್, ಬಳ್ಳಾರಿ · ಭಾನುವಾರ, ರಾತ್ರಿ 11:15

ಡ್ಯೂಟಿ ಮುಗಿಸಿ ಈಗ ನೋಡಿದೆ. ಕಿರಾಣಿ ಅಣ್ಣಾ, ಬಿಲ್ಲಿನ ಮಾತು ಆಮೇಲೆ ಆಡೋಣ. ಹುಡುಗ ಕೇಳಿದ್ದು ಬೇರೆ.

ಮೊದಲು ಆ ಮೂರು ಅಂಕಿ. ಮೆಡಿನಾ ಅನ್ನುವುದು 2006ರಿಂದ ಬಳಕೆಯಲ್ಲಿರುವ ಗುರುತು. ಕವಲಿಗೆ ಮೂರು ಕಡೆ ಇರುತ್ತವೆ ಅಲ್ವಾ: ಕವಲಿಗೆ ಮೊದಲಿನ ದೊಡ್ಡ ನಾಳ, ಕವಲು ದಾಟಿದ ಮೇಲಿನ ದೊಡ್ಡ ನಾಳ, ಪಕ್ಕದ ಟಿಸಿಲು. ಇದೇ ಕ್ರಮದಲ್ಲಿ ಬರೆಯುತ್ತಾರೆ. ಅರ್ಧಕ್ಕಿಂತ ಜಾಸ್ತಿ ಕಟ್ಟಿದ್ದರೆ 1, ಇಲ್ಲದಿದ್ದರೆ 0. ನಿಮ್ಮ ಅಪ್ಪನಿಗೆ ಮೂರೂ ಕಡೆ ಇದೆ. ಆದರೆ ಈ ಗುರುತಿನಲ್ಲಿ ಒಂದು ಕೊರತೆ ಇದೆ. ಟಿಸಿಲಿನಲ್ಲಿ ಬ್ಲಾಕ್ ಎಷ್ಟು ಉದ್ದ ಇದೆ, ಸುಣ್ಣ ಕಟ್ಟಿದೆಯೋ ಇಲ್ಲವೋ, ಟಿಸಿಲು ದಪ್ಪವೋ ಸಣ್ಣದೋ, ಯಾವುದೂ ತಿಳಿಯುವುದಿಲ್ಲ. ಒಂದೋ ಎರಡೋ ಅನ್ನುವುದು ನಿಂತಿರುವುದು ಅದರ ಮೇಲೆಯೇ.

ಅಕ್ಕಾ, ನಿಮ್ಮ ಅವ್ವನದು ಲೆಫ್ಟ್ ಮೇನ್. ಎಡಗಡೆಯ ಇಡೀ ಮನೆಗೆ ಒಂದೇ ಬಾಗಿಲು ಅದು. ಅಲ್ಲಿ ಒಡೆಯುವ ಎರಡು ಕವಲೂ ದೊಡ್ಡವು, ಎರಡೂ ಬೇಕೇ ಬೇಕು. ಇವರ ಅಪ್ಪನದು ಎಲ್‌ಎಡಿಯಿಂದ ಹೊರಡುವ ಟಿಸಿಲು. ಎರಡೂ ಕವಲೇ, ಆದರೆ ಒಂದೇ ಲೆಕ್ಕ ಅಲ್ಲ.

ಹುಡುಗಾ, ರಿಪೋರ್ಟ್‌ನಲ್ಲಿ ಅಥವಾ ಡಾಕ್ಟರ್ ಹತ್ತಿರ ನಾಲ್ಕು ವಿಷಯ ಕೇಳಿಕೊಂಡು ಬಾ. ಡಯಾಗ್ನಲ್ ಎಷ್ಟು ಮಿಲಿಮೀಟರ್ ದಪ್ಪ? ಅದರ ಬಾಯಲ್ಲಿ ಎಷ್ಟು ಪರ್ಸೆಂಟ್ ಬ್ಲಾಕ್? ಆ ಬ್ಲಾಕ್ ಒಳಗೆ ಎಷ್ಟು ಉದ್ದ ಹೋಗಿದೆ? ಸುಣ್ಣ ಇದೆಯಾ? ಆಮೇಲೆ ಮಾತಾಡೋಣ.

ಮುನಿರಾಬಾದ್ ನಿವೃತ್ತ ಎಇ · ಸೋಮವಾರ, ಬೆಳಿಗ್ಗೆ 6:30

ನನಗೂ 2019ರಲ್ಲಿ ಸ್ಟೆಂಟ್ ಆಗಿದೆ. ಆಗ ಡಾಕ್ಟರಿಗೆ ಕೇಳಿ ಕೇಳಿ ಸಾಕು ಮಾಡಿದ್ದೆ. ಮೂವತ್ತು ವರ್ಷ ಎಡದಂಡೆ ಕಾಲುವೆ ನೋಡಿಕೊಂಡವನು ನಾನು. ಕವಲು ಅಂದರೆ ಏನು ಅಂತ ನನಗೆ ಬೇರೆ ಹೇಳಬೇಕಿಲ್ಲ.

ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆ ಕವಲೊಡೆದ ಮೇಲೆ ಮುಖ್ಯ ಕಾಲುವೆ ಅಗಲ ಕಡಿಮೆ ಮಾಡಿರುತ್ತೇವೆ, ನೀರು ಹಂಚಿಹೋಯಿತಲ್ಲ. ರಕ್ತನಾಳವೂ ಹಾಗೇ. ಟಿಸಿಲು ಹೋದ ಮೇಲೆ ಸಣ್ಣದಾಗುತ್ತದೆ. ಹೂಳು ಎಲ್ಲಿ ಕೂರುತ್ತದೆ? ನೀರು ನಿಧಾನ ಆಗುವ ಕಡೆ. ಕವಲಿನ ನಡುವಿನ ಮೂತಿಗೆ ಹರಿವು ನೇರ ಬಡಿಯುತ್ತದೆ, ಅಲ್ಲಿ ಹೂಳು ಕಡಿಮೆ. ಎದುರು ದಂಡೆಗಳಲ್ಲಿ ಹರಿವು ಮಂದ, ಅಲ್ಲೇ ಕೂರುವುದು. ನಮ್ಮ ಡಾಕ್ಟರ್ ಚಿತ್ರ ಬರೆದು ತೋರಿಸಿದಾಗ ಕೊಬ್ಬೂ ಅಲ್ಲೇ ಕೂತಿತ್ತು. ನಕ್ಕುಬಿಟ್ಟೆ.

ಈಗ ಸಮಸ್ಯೆ ನೋಡಿ. ಸ್ಟೆಂಟ್ ಉದ್ದಕ್ಕೂ ಒಂದೇ ಅಳತೆಯ ಕೊಳವೆ. ನಾಳ ಮೇಲೆ ಅಗಲ, ಕೆಳಗೆ ಸಣ್ಣ. ಕೆಳಗಿನ ಅಳತೆಗೆ ಹಾಕಿದರೆ ಮೇಲೆ ಸಡಿಲ. ಮೇಲಿನ ಅಳತೆಗೆ ಹಾಕಿದರೆ ಕೆಳಗೆ ಹಿಗ್ಗಿ ಒಡೆಯುವ ಭಯ, ಜೊತೆಗೆ ಆ ಮೂತಿ ಟಿಸಿಲಿನ ಕಡೆ ಸರಿದು ಅದರ ಬಾಯಿ ಮುಚ್ಚುತ್ತದೆ. ತೂಬಿಗೆ ಕಲ್ಲು ಅಡ್ಡ ಬಂದ ಹಾಗೆ.

ಟೇಲ್ ಎಂಡ್ ರೈತರ ಗಲಾಟೆ ನೋಡಿದವನು ನಾನು. ಮುಖ್ಯ ಕಾಲುವೆ ಚೆಂದ ಮಾಡಿ ಉಪಕಾಲುವೆಗೆ ನೀರು ಬಿಡದಿದ್ದರೆ ಏನಾಗುತ್ತದೆ ಅಂತ ಗೊತ್ತು. ಟಿಸಿಲಿನಲ್ಲಿ ರಕ್ತ ಎಷ್ಟು ದೂರದವರೆಗೆ ಹೋಗುತ್ತದೆ ಅಂತಲೂ ಕೇಳಿ ಹುಡುಗಾ.

ಮಾನ್ವಿ ಕಾಕಾ · ಸೋಮವಾರ, ಬೆಳಿಗ್ಗೆ 7:10

ಬೆಳ್ಳುಳ್ಳಿ, ನಿಂಬೆಹಣ್ಣು, ಶುಂಠಿ ರಸ ಜೇನಿನಲ್ಲಿ ಕುದಿಸಿ 40 ದಿನ ಕುಡಿಸಿ. ಬ್ಲಾಕ್ ಕರಗುತ್ತದೆ. ಸ್ಟೆಂಟೇ ಬೇಡ. ನಮ್ಮ ಪಕ್ಕದ ಮನೆಯವರು ಕುಡಿದು ಚೆನ್ನಾಗಿದ್ದಾರೆ.

ಕೊಪ್ಪಳ ಸ್ಟಾಫ್ ನರ್ಸ್ · ಸೋಮವಾರ, ಬೆಳಿಗ್ಗೆ 7:45

ಕಾಕಾ, ಕೈ ಮುಗಿಯುತ್ತೇನೆ. ನಡೆದರೆ ಎದೆ ಬಿಗಿಯುವ ಶುಗರ್ ಪೇಷಂಟ್ ಅವರು. 40 ದಿನ ಕಷಾಯ ಕುದಿಸುತ್ತ ಕೂತರೆ 41ನೇ ದಿನ ಆ್ಯಂಬುಲೆನ್ಸ್‌ಗೆ ಫೋನ್ ಮಾಡಬೇಕಾದೀತು. ಸುಣ್ಣ ಕಟ್ಟಿದ ಬ್ಲಾಕ್ ನಿಂಬೆರಸಕ್ಕೆ ಕರಗುವುದಿಲ್ಲ. ಊಟದಲ್ಲಿ ಬೆಳ್ಳುಳ್ಳಿ ತಿನ್ನಲಿ, ಯಾರೂ ಬೇಡ ಅನ್ನುವುದಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಬಿಡಿಸಬೇಡಿ.

ಹುಡುಗಾ, ಕುಳಿತಾಗಲೂ ನೋವು ಬಂದರೆ, ಬೆವರು ಬಂದರೆ, ಗುರುವಾರದವರೆಗೆ ಕಾಯಬೇಡ. ರಾತ್ರಿಯಾದರೂ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸು.

ಸಿಂಧನೂರಿನವ, ಡಿಎಂ ಓದುತ್ತಿರುವವ · ಸೋಮವಾರ, ಮಧ್ಯಾಹ್ನ 2:30

ಕಾರ್ಡಿಯಾಲಜಿ ಓದುತ್ತಿದ್ದೇನೆ. ನಿಮ್ಮ ತಂದೆಯನ್ನು ನೋಡಿದವನು ನಾನಲ್ಲ, ಕೊನೆಯ ಮಾತು ಅವರ ಡಾಕ್ಟರದೇ. ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಆಂಜಿಯೋಪ್ಲಾಸ್ಟಿ ಮಾಡುವವರಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಜನಕ್ಕೆ ಬ್ಲಾಕ್ ಕವಲಿನಲ್ಲೇ ಇರುತ್ತದೆ. ಇದರ ಬಗ್ಗೆಯೇ ವರ್ಷಕ್ಕೊಮ್ಮೆ ಸೇರಿ ಜಗಳ ಆಡಲು ಯುರೋಪಿನ ಡಾಕ್ಟರುಗಳು 2004ರಲ್ಲಿ ಒಂದು ಕ್ಲಬ್ ಕಟ್ಟಿಕೊಂಡರು, ಯುರೋಪಿಯನ್ ಬೈಫರ್ಕೇಶನ್ ಕ್ಲಬ್ ಅಂತ. ಅಂದಮೇಲೆ ನಿಮ್ಮ ಮನೆಯಲ್ಲಿ ಎರಡು ಪಾರ್ಟಿ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ.

ಬಳ್ಳಾರಿ ಡಾಕ್ಟರ್ ಹೇಳಿದ್ದಕ್ಕೆ ಪ್ರಾವಿಜನಲ್ ಅನ್ನುತ್ತಾರೆ. ಅಕ್ಕ ಅದನ್ನು "ಅರ್ಧ ಕೆಲಸ" ಅಂದರು, ಹಾಗಲ್ಲ. ಎರಡೂ ನಾಳಕ್ಕೆ ಮೊದಲೇ ವೈರ್ ಇಳಿಸಿರುತ್ತಾರೆ. ದೊಡ್ಡ ನಾಳಕ್ಕೆ ಸ್ಟೆಂಟ್ ಹಾಕಿ, ಮೇಲಿನ ಸಡಿಲ ಭಾಗವನ್ನು ಗಿಡ್ಡ ದಪ್ಪ ಬಲೂನಿನಿಂದ ಗೋಡೆಗೆ ಒತ್ತುತ್ತಾರೆ. ಇದಕ್ಕೆ ಪಾಟ್ ಅನ್ನುತ್ತಾರೆ. ಆಮೇಲೆ ಟಿಸಿಲು ನೋಡುತ್ತಾರೆ. ರಕ್ತ ಸರಿಯಾಗಿ ಹೋಗುತ್ತಿದ್ದರೆ ಅಲ್ಲಿಗೆ ಮುಗಿಯಿತು. ಬಾಯಿ ಕಟ್ಟಿಕೊಂಡಿದ್ದರೆ ಜಾಲರಿಯ ಕಣ್ಣಿನೊಳಗಿಂದ ಹೋಗಿ ಬಲೂನ್ ಹಿಗ್ಗಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಅದೇ ಟೇಬಲ್ ಮೇಲೆ, ಅದೇ ಹೊತ್ತಿನಲ್ಲಿ ಎರಡನೇ ಸ್ಟೆಂಟ್. ಮತ್ತೆ ಇನ್ನೊಂದು ದಿನ ಮಲಗಿಸುವುದಿಲ್ಲ.

ಇನ್ನು ಮೊದಲೇ ಎರಡು ಹಾಕುವ ಲೆಕ್ಕ. ಹಳೆಯ ಅಧ್ಯಯನಗಳು ಇದಕ್ಕೆ ವಿರುದ್ಧ ಇದ್ದವು. 2006ರ ನಾರ್ಡಿಕ್ ಅಧ್ಯಯನದಲ್ಲಿ 413 ಜನ, ಆರು ತಿಂಗಳಲ್ಲಿ ಎರಡೂ ಗುಂಪಿಗೆ ಹೆಚ್ಚುಕಮ್ಮಿ ಒಂದೇ ಫಲ. ಎರಡು ಹಾಕಿದ್ದಕ್ಕೆ ಲಾಭ ಇಲ್ಲ. 2010ರಲ್ಲಿ ಬ್ರಿಟನ್ನಿನವರು 500 ಜನರ ಮೇಲೆ ನೋಡಿದರು. ಸರಳ ವಿಧಾನದಲ್ಲಿ ತೊಂದರೆ ಆದವರು 8%, ಎರಡು ಸ್ಟೆಂಟಿನ ವಿಧಾನದಲ್ಲಿ 15.2%. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿದ್ದರು.

ಮುಗಿಯಲಿಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ ಶಾವೊ ಲಿಯಾಂಗ್ ಚೆನ್ ತಂಡ ಕ್ರಷ್ ವಿಧಾನವನ್ನು ತಿದ್ದಿ ಡಿಕೆ ಕ್ರಷ್ ಮಾಡಿತು. 2017ರಲ್ಲಿ ಲೆಫ್ಟ್ ಮೇನ್ ಕವಲಿನ 482 ಜನರ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಪ್ರಾವಿಜನಲ್ ಗುಂಪಿನಲ್ಲಿ 10.7% ಜನಕ್ಕೆ ಅದೇ ಜಾಗದಲ್ಲಿ ತೊಂದರೆ, ಡಿಕೆ ಕ್ರಷ್‌ನಲ್ಲಿ 5%. ಹೈದರಾಬಾದ್ ಡಾಕ್ಟರ್ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಇದೇ.

ಆದರೆ 2021ರಲ್ಲಿ ಅದೇ ಯುರೋಪಿನ ಕ್ಲಬ್ಬು ಲೆಫ್ಟ್ ಮೇನ್ ಕವಲಿನ 467 ಜನರ ಮೇಲೆ ನೋಡಿತು. ತೊಂದರೆ ಆದವರು ಪ್ರಾವಿಜನಲ್‌ನಲ್ಲಿ 14.7%, ಎರಡು ಸ್ಟೆಂಟಿನಲ್ಲಿ 17.7%. ಆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ.

ಎರಡೂ ನಿಜವಾದ ಅಧ್ಯಯನಗಳೇ. ಹಾಗಾದರೆ ಯಾರು ಸರಿ? ನನ್ನ ಪ್ರಕಾರ ಉತ್ತರ ಟಿಸಿಲಿನ ಉದ್ದದಲ್ಲಿದೆ. ಚೀನಾದ ಅಧ್ಯಯನದಲ್ಲಿ ಟಿಸಿಲಿನ ಬ್ಲಾಕ್ ಸರಾಸರಿ 16 ಮಿಮೀ ಉದ್ದ ಇತ್ತು. ಯುರೋಪಿನದರಲ್ಲಿ ಸುಮಾರು 7 ಮಿಮೀ. ಅಂದರೆ ಅವರು ನೋಡಿದ ಕಾಯಿಲೆಯೇ ಬೇರೆ ಬೇರೆ. ಟೆಕ್ನಿಷಿಯನ್ ಅಣ್ಣ ಉದ್ದ ಕೇಳಿದ್ದು ಅದಕ್ಕೇ.

ಕಾರಟಗಿ ಹುಡುಗ · ಸೋಮವಾರ, ಸಂಜೆ 5:50

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ನಾಳೆ ಬಳ್ಳಾರಿಗೆ ಹೋಗಿ ಆ ನಾಲ್ಕೂ ಕೇಳುತ್ತೇನೆ. ಒಂದು ದಡ್ಡ ಪ್ರಶ್ನೆ: ಕ್ರಷ್ ಅಂದರೆ ಏನನ್ನು ಜಜ್ಜುತ್ತಾರೆ? ಅಪ್ಪನಿಗೆ ಆ ಪದ ಕೇಳಿಯೇ ಭಯ ಆಗಿದೆ. ಕ್ರಷರ್ ಅಂದರೆ ನಮ್ಮ ಕಡೆ ಕಲ್ಲು ಪುಡಿ ಮಾಡುವುದು.

ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್, ಬಳ್ಳಾರಿ · ಸೋಮವಾರ, ರಾತ್ರಿ 9:30

ನಾಳವನ್ನು ಜಜ್ಜುವುದಿಲ್ಲ, ಸ್ಟೆಂಟನ್ನೇ. ಅಪ್ಪನಿಗೆ ಹೇಳು.

ಟಿಸಿಲಿಗೆ ಮೊದಲು ಸ್ಟೆಂಟ್ ಹಾಕುತ್ತಾರೆ. ಅದರ ಬಾಲ ಒಂದೆರಡು ಮಿಲಿಮೀಟರ್ ದೊಡ್ಡ ನಾಳದೊಳಗೆ ಚಾಚಿರುತ್ತದೆ. ದೊಡ್ಡ ನಾಳದಲ್ಲಿ ಬಲೂನ್ ಊದಿ ಆ ಬಾಲವನ್ನು ಗೋಡೆಗೆ ಚಪ್ಪಟೆ ಮಾಡುತ್ತಾರೆ. ಆಮೇಲೆ ದೊಡ್ಡ ನಾಳದ ಸ್ಟೆಂಟ್. ಹಳೆಯ ಕ್ರಷ್‌ನಲ್ಲಿ ಕೊನೆಗೆ ಟಿಸಿಲೊಳಗೆ ವೈರ್ ಮತ್ತೆ ತೂರಿಸುವುದೇ ಕಷ್ಟ. ಅಲ್ಲಿ ಮೂರು ಪದರ ಲೋಹ ಇರುತ್ತದೆ. ಎಷ್ಟೋ ಸಲ ವೈರ್ ಹೋಗುತ್ತಲೇ ಇರಲಿಲ್ಲ. ಡಿಕೆಯಲ್ಲಿ ಮಧ್ಯದಲ್ಲೇ ಒಂದು ಸಲ ದಾರಿ ತೆರೆದುಕೊಳ್ಳುತ್ತಾರೆ. ಎರಡೂ ನಾಳದಲ್ಲಿ ಒಟ್ಟಿಗೆ ಬಲೂನ್ ಊದುತ್ತಾರೆ, ಎರಡು ಬಲೂನ್ ಕೆನ್ನೆಗೆ ಕೆನ್ನೆ ಒತ್ತಿಕೊಂಡ ಹಾಗೆ. ಅದಕ್ಕೇ ಕಿಸ್ಸಿಂಗ್ ಅನ್ನುವುದು. ಇದು ಎರಡು ಸಲ. ಡಿಕೆ ಅಂದರೆ ಡಬಲ್ ಕಿಸ್.

ಇನ್ನೂ ಇವೆ. ಟಿಸಿಲು ಹೆಚ್ಚುಕಡಿಮೆ 90 ಡಿಗ್ರಿಗೆ ಹೊರಟಿದ್ದರೆ ಟಿ ಸ್ಟೆಂಟ್. ಟಿಸಿಲಿನ ಬಾಯಿಗೆ ಸರಿಯಾಗಿ ಕೂರಿಸುವುದು. ಸ್ವಲ್ಪ ಹಿಂದೆ ಬಿದ್ದರೆ ಬಾಯಲ್ಲಿ ಖಾಲಿ ಜಾಗ ಉಳಿಯುತ್ತದೆ, ಅಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಟ್ಯಾಪ್ ಅಂತ ಮಾಡಿದರು, ಸ್ಟೆಂಟಿನ ಮೂತಿ ಒಂದಿಷ್ಟು ಒಳಗೆ ಚಾಚುವ ಹಾಗೆ. ಪ್ರಾವಿಜನಲ್‌ನಲ್ಲಿ ಕೊನೆಗೆ ಎರಡನೆಯದು ಬೇಕೇ ಆದರೆ ಇದು ಅನುಕೂಲ. ಕವಲಿನ ಕೋನ ಕಿರಿದಾಗಿದ್ದು ಎರಡೂ ನಾಳ ಒಂದೇ ದಪ್ಪ ಇದ್ದರೆ ಕ್ಯುಲೋಟ್. ಫ್ರೆಂಚ್‌ನಲ್ಲಿ ಆ ಪದಕ್ಕೆ ಚಡ್ಡಿ ಅಂತ ಅರ್ಥ. ನಿಜ ಹೇಳುತ್ತಿದ್ದೇನೆ. ಸೊಂಟದ ಹತ್ತಿರ ಎರಡು ಪದರ, ಕೆಳಗೆ ಎರಡು ಕಾಲು.

ಇಷ್ಟೆಲ್ಲ ನೋಡಿ ನನಗೆ ಅನ್ನಿಸಿದ್ದು ಒಂದು. ಹೆಸರಿಗಿಂತ ಕೈ ಮುಖ್ಯ. ಡಿಕೆ ಕ್ರಷ್‌ನಲ್ಲಿ ಹತ್ತಕ್ಕೂ ಹೆಚ್ಚು ಹೆಜ್ಜೆ. ಒಂದು ತಪ್ಪಿದರೆ ಜಾಲರಿ ಸುಕ್ಕಾಗುತ್ತದೆ. ವಾರಕ್ಕೆ ಎರಡು ಮಾಡುವವರ ಕೈಯಲ್ಲಿ ಅದು ಬೇರೆ, ವರ್ಷಕ್ಕೆ ಎರಡು ಮಾಡುವವರ ಕೈಯಲ್ಲಿ ಬೇರೆ.

ರಾಯಚೂರು ಅಕ್ಕ · ಸೋಮವಾರ, ರಾತ್ರಿ 9:55

ಚಡ್ಡಿ! ಅವ್ವನಿಗೆ ಓದಿ ಹೇಳಿದೆ, ನಕ್ಕು ನಕ್ಕು ಸಾಕಾಯಿತು. ಟೆಕ್ನಿಷಿಯನ್ ತಮ್ಮಾ, ಲೆಫ್ಟ್ ಮೇನ್ ಬೇರೆ ಅಂದದ್ದು ಈಗ ತಿಳಿಯಿತು. ನಾನು ಸುಮ್ನೆ ಅವಸರ ಮಾಡಿ ಹೇಳಿದೆ.

ಸಿರುಗುಪ್ಪ ಕಿರಾಣಿ · ಸೋಮವಾರ, ರಾತ್ರಿ 10:10

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಬಡವರಿಗೆ ಅದೇ ಮೊದಲ ಪ್ರಶ್ನೆ ಸ್ವಾಮಿ.

ಕೊಪ್ಪಳ ಸ್ಟಾಫ್ ನರ್ಸ್ · ಸೋಮವಾರ, ರಾತ್ರಿ 10:40

ಅಣ್ಣ ಕೇಳಿದ್ದು ಸರಿಯಾಗಿದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿಸಿದ ಸ್ಟೆಂಟಿಗೆ ಆಗ 29,600 ರೂಪಾಯಿ. ಅದಕ್ಕೆ ಮೊದಲು ಲಕ್ಷ ದಾಟಿ ಹಾಕಿದವರೂ ಇದ್ದರು. ಆಮೇಲೆ ಆ ಮಿತಿಯನ್ನು ಬದಲಿಸುತ್ತಾ ಬಂದಿದ್ದಾರೆ. ಹಾಗಾಗಿ ಸ್ಟೆಂಟ್ ಒಂದೇ ಬಿಲ್ಲನ್ನು ದೊಡ್ಡದು ಮಾಡುವುದಿಲ್ಲ. ಎರಡು ಸ್ಟೆಂಟಿನ ಕೆಲಸದಲ್ಲಿ ಬಲೂನ್ ಜಾಸ್ತಿ, ವೈರ್ ಜಾಸ್ತಿ, ಹೊತ್ತು ಜಾಸ್ತಿ, ಡೈ (ನಾಳ ಕಾಣಿಸಲು ಒಳಗೆ ಬಿಡುವ ದ್ರವ) ಜಾಸ್ತಿ.

ಆ ಡೈ ನನಗೆ ದುಡ್ಡಿಗಿಂತ ದೊಡ್ಡ ಚಿಂತೆ. ಶುಗರ್ ಇರುವವರ ಕಿಡ್ನಿಗೆ ಅದು ಭಾರ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ನೋಡಿಸಿದ್ದೀರಾ? ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನಿಲ್ಲಿಸಬೇಕೋ ಬೇಡವೋ ಅವರೇ ಹೇಳುತ್ತಾರೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅಡ್ಮಿಟ್ ಆಗುವ ಮೊದಲೇ ಆ ಕೌಂಟರಿಗೆ ಹೋಗಿ. ಆದ ಮೇಲೆ ಓಡಾಡಿದರೆ ಪ್ರಯೋಜನ ಇಲ್ಲ. ಜಯದೇವದ ಶಾಖೆ ಕಲಬುರಗಿಯಲ್ಲೂ ಇದೆ, ಎಲ್ಲದಕ್ಕೂ ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಕಾರಟಗಿ ಹುಡುಗ · ಮಂಗಳವಾರ, ಸಂಜೆ 6:15

ಹೋಗಿ ಬಂದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. ಕಂಪ್ಯೂಟರ್ ತಿರುಗಿಸಿ ತೋರಿಸಿದರು.

ಎಲ್‌ಎಡಿಯಲ್ಲಿ 80%. ಕವಲು ದಾಟಿದ ಮೇಲೆ ಅದು 3 ಮಿಮೀ ದಪ್ಪ. ಡಯಾಗ್ನಲ್ 2.25 ಮಿಮೀ. ಅದರ ಬಾಯಲ್ಲಿ 60%, ಉದ್ದ ಸುಮಾರು 5 ಮಿಮೀ. ಸುಣ್ಣ ಸ್ವಲ್ಪ. ಕ್ರಿಯಾಟಿನಿನ್ 1.1.

ಇನ್ನೊಂದು ವಿಷಯ ಗೊತ್ತಾಯಿತು. ಮಾವ ಹೈದರಾಬಾದ್‌ಗೆ ಕಳಿಸಿದ್ದು ಪರದೆಯಿಂದ ಮೊಬೈಲ್‌ನಲ್ಲಿ ಹಿಡಿದ ಹತ್ತು ಸೆಕೆಂಡಿನ ವಿಡಿಯೊ. ಒಂದೇ ಕೋನದ್ದು. ಆ ಕೋನದಲ್ಲಿ ಎಲ್‌ಎಡಿ ಮತ್ತು ಡಯಾಗ್ನಲ್ ಒಂದರ ಮೇಲೊಂದು ಬಂದಿವೆ. ಟಿಸಿಲು ಪೂರ್ತಿ ಕಟ್ಟಿದ ಹಾಗೆ ಕಾಣುತ್ತದೆ. ಇವತ್ತು ಪೂರ್ತಿ ಸಿಡಿ ತೆಗೆದುಕೊಂಡು ಎಲ್ಲ ಕೋನಗಳನ್ನೂ ಕಳಿಸಿದ್ದೇನೆ.

ಸಿಂಧನೂರಿನವ, ಡಿಎಂ ಓದುತ್ತಿರುವವ · ಮಂಗಳವಾರ, ರಾತ್ರಿ 8:40

ಅಲ್ಲೇ ಇತ್ತು ನೋಡಿ ಗಂಟು. ಕವಲನ್ನು ಒಂದೇ ಕೋನದಲ್ಲಿ ನೋಡಿ ಹೇಳುವುದು ಅಂದರೆ ಕಂಬದ ಹಿಂದೆ ನಿಂತವನ ಎತ್ತರ ಹೇಳಿದ ಹಾಗೆ. ಆ ಡಾಕ್ಟರನ್ನೂ ತಪ್ಪು ಅನ್ನಲಾರೆ, ಅವರಿಗೆ ಕಂಡದ್ದಕ್ಕೆ ಹೇಳಿದರು. "ಬೇಕಾಗಬಹುದು" ಅಂತಲೇ ಹೇಳಿದ್ದಾರೆ, ಮನೆಯವರು "ಬೇಕು" ಅಂತ ಕೇಳಿಸಿಕೊಂಡಿದ್ದೀರಿ.

ಈಗ ಅಂಕಿ ಸಿಕ್ಕಿದೆ. ಯಾವ ಕವಲಿಗೆ ಮೊದಲೇ ಎರಡು ಹಾಕಬೇಕು ಅನ್ನುವುದಕ್ಕೆ ಡೆಫಿನಿಷನ್ ಅನ್ನುವ ಅಳತೆಗೋಲು ಇದೆ. ಲೆಫ್ಟ್ ಮೇನ್ ಅಲ್ಲದ ಕವಲಾದರೆ ಟಿಸಿಲಿನಲ್ಲಿ 90% ಅಥವಾ ಹೆಚ್ಚು ಬ್ಲಾಕ್ ಇರಬೇಕು, ಉದ್ದ 10 ಮಿಮೀ ಅಥವಾ ಹೆಚ್ಚು ಇರಬೇಕು. ಅದರ ಜೊತೆ ಸುಣ್ಣ, ಕೋನ, ರಕ್ತ ಹೆಪ್ಪು ಇಂಥವುಗಳಲ್ಲಿ ಕನಿಷ್ಠ ಎರಡು ಸೇರಬೇಕು. ಅಂಥ 653 ಜನರ ಮೇಲಿನ ಅಧ್ಯಯನ 2020ರಲ್ಲಿ ಬಂತು. ಅವರಲ್ಲಿ ತೊಂದರೆ ಆದದ್ದು ಎರಡು ಸ್ಟೆಂಟಿಗೆ 6.1%, ಪ್ರಾವಿಜನಲ್‌ಗೆ 11.4%. ಅಂಥವರಿಗೆ ಎರಡೇ ಒಳ್ಳೆಯದು. ನಿಮ್ಮ ತಂದೆ 60%, 5 ಮಿಮೀ. ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಬಳ್ಳಾರಿ ಡಾಕ್ಟರ್ ದಾರಿ ನನಗೆ ಸರಿ ಕಾಣುತ್ತದೆ.

ಇನ್ನೊಂದು. ದೊಡ್ಡ ಸ್ಟೆಂಟ್ ಹಾಕಿದ ಮೇಲೆ ಟಿಸಿಲಿನ ಬಾಯಿ ಚಿತ್ರದಲ್ಲಿ ಸಣ್ಣದಾಗಿ ಕಾಣುತ್ತದೆ. ನೋಡಿ ಗಾಬರಿ ಆಗಬೇಡಿ. 2005ರಲ್ಲಿ ಕೊರಿಯಾದವರು ಅಂಥ ಟಿಸಿಲುಗಳಲ್ಲಿ ಒತ್ತಡ ಅಳೆದು ನೋಡಿದರು. ಚಿತ್ರದಲ್ಲಿ 75%ಗಿಂತ ಹೆಚ್ಚು ಕಟ್ಟಿದೆ ಅಂತ ಕಂಡ 73ರಲ್ಲಿ ನಿಜವಾಗಿ ರಕ್ತಕ್ಕೆ ಅಡ್ಡಿ ಇದ್ದದ್ದು 20ರಲ್ಲಿ ಮಾತ್ರ. ಚಿತ್ರ ನೋಡಿ ಎಲ್ಲದಕ್ಕೂ ಎರಡನೇ ಸ್ಟೆಂಟ್ ಹಾಕುತ್ತಾ ಹೋದರೆ ಬೇಡದವರಿಗೇ ಜಾಸ್ತಿ ಹಾಕಿದಂತಾಗುತ್ತದೆ.

ಆಗುವುದಿದ್ದರೆ ಒಂದು ಕೇಳಿಕೊಳ್ಳಿ: ನಾಳದ ಒಳಗಿಂದ ನೋಡುವ ಓಸಿಟಿ ಅಥವಾ ಐವಸ್ ಇದೆಯಾ ಅಂತ. 2023ರಲ್ಲಿ ಕವಲು ಬ್ಲಾಕಿನ 1201 ಜನರ ಅಧ್ಯಯನ ಬಂತು. ಓಸಿಟಿ ನೋಡಿಕೊಂಡು ಮಾಡಿದವರಲ್ಲಿ ಎರಡು ವರ್ಷದಲ್ಲಿ ತೊಂದರೆ 10.1%, ಬರೀ ಆಂಜಿಯೋಗ್ರಾಂ ನೋಡಿ ಮಾಡಿದವರಲ್ಲಿ 14.1%. ಒಂದೋ ಎರಡೋ ಅನ್ನುವ ಜಗಳಕ್ಕಿಂತ ಒಳಗೆ ನೋಡಿದರೋ ಇಲ್ಲವೋ ಅನ್ನುವುದು ನನಗೆ ದೊಡ್ಡ ಪ್ರಶ್ನೆ.

ಮುನಿರಾಬಾದ್ ನಿವೃತ್ತ ಎಇ · ಮಂಗಳವಾರ, ರಾತ್ರಿ 9:20

ನೋಡದೆ ಮಾಡುವ ಕೆಲಸ ಯಾವುದೂ ಚೆಂದ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದಾಗ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ತಾತ್ಕಾಲಿಕ ತಡೆಗೇಟು) ಇಳಿಸಿದರು. ಅಳತೆ ಒಂದಿಂಚು ತಪ್ಪಿದ್ದರೂ ಕೂರುತ್ತಿರಲಿಲ್ಲ. ಹರಿಯುವ ರಕ್ತದಲ್ಲಿ ಸ್ಟೆಂಟ್ ಕೂರಿಸುವವರಿಗೂ ಅದೇ ಪಾಡು.

ಡಿಎಂ ತಮ್ಮಾ, ಮೇಲಿನ ಅಗಲ ಎಷ್ಟು ಅಂತ ಹುಡುಗ ಬರೆದಿಲ್ಲ. ಲೆಕ್ಕ ಮಾಡಬಹುದಾ? ನಮ್ಮಲ್ಲಿ ಕವಲಿಗೆ ಡಿಸ್ಚಾರ್ಜ್ ಲೆಕ್ಕ ಇರುತ್ತದೆ.

ಸಿಂಧನೂರಿನವ, ಡಿಎಂ ಓದುತ್ತಿರುವವ · ಮಂಗಳವಾರ, ರಾತ್ರಿ 9:35

ಇದೆ ಸರ್. ಎರಡು ಕವಲಿನ ದಪ್ಪ ಕೂಡಿಸಿ 0.678ರಿಂದ ಗುಣಿಸಿ. ಫಿನೆ ಅವರ ಸೂತ್ರ.

ಮುನಿರಾಬಾದ್ ನಿವೃತ್ತ ಎಇ · ಮಂಗಳವಾರ, ರಾತ್ರಿ 9:41

3 + 2.25 = 5.25. ಗುಣಿಸಿದರೆ 3.56. ಕೆಳಗೆ 3, ಮೇಲೆ ಮೂರೂವರೆ ಚಿಲ್ಲರೆ. ಪಾಟ್ ಬಲೂನ್ 3.5ಕ್ಕಿಂತ ಕಡಿಮೆ ತರಬೇಡಿ ಅಂತ ಹೇಳು ಹುಡುಗಾ.

ಕ್ಯಾಥ್ ಲ್ಯಾಬ್ ಟೆಕ್ನಿಷಿಯನ್, ಬಳ್ಳಾರಿ · ಮಂಗಳವಾರ, ರಾತ್ರಿ 9:50

ಸರ್, ನೀವು ನಮ್ಮ ಕೆಲಸ ಕಳೆಯುತ್ತೀರಿ.

ಗಂಗಾವತಿ ಮೆಡಿಕಲ್ ಶಾಪ್ · ಮಂಗಳವಾರ, ರಾತ್ರಿ 11:00

ಎಲ್ಲ ಓದಿದೆ. ಹಾಕಿದ ಮೇಲಿನ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ.

ನಮ್ಮ ಅಕ್ಕನ ಗಂಡನಿಗೆ ಕವಲಿನಲ್ಲಿ ಎರಡು ಸ್ಟೆಂಟ್ ಹಾಕಿದ್ದರು. ಚೆನ್ನಾಗಿ ಮಾಡಿದ್ದರು. ನಾಲ್ಕು ತಿಂಗಳಿಗೆ ಹಲ್ಲು ನೋವು ಬಂತು. ಹಲ್ಲು ಕೀಳಬೇಕು, ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ ಬನ್ನಿ ಅಂದರಂತೆ. ಇವರು ಎರಡೂ ಮಾತ್ರೆ ನಿಲ್ಲಿಸಿದರು. ಹೃದಯದ ಡಾಕ್ಟರಿಗೆ ಕೇಳಲಿಲ್ಲ. ನನಗೂ ಹೇಳಲಿಲ್ಲ, ಮಾತ್ರೆ ಅಂಗಡಿ ಇಟ್ಟುಕೊಂಡವನಿಗೆ! ಆರನೇ ದಿನ ರಾತ್ರಿ ಸ್ಟೆಂಟ್ ಒಳಗೆ ಹೆಪ್ಪು ಕಟ್ಟಿತು. ಉಳಿದಿದ್ದಾರೆ, ಆದರೆ ಹೃದಯ ಈಗ 35% ಕೆಲಸ ಮಾಡುತ್ತಿದೆ.

ಸಾಮಾನ್ಯವಾಗಿ ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ದಿನಕ್ಕೆ ಒಂದು, ಅಥವಾ ಟಿಕಾಗ್ರೆಲಾರ್ ದಿನಕ್ಕೆ ಎರಡು ಕೊಡುತ್ತಾರೆ. ಹಾರ್ಟ್ ಅಟ್ಯಾಕ್ ಆಗದೆ ಹಾಕಿದ್ದರೆ ಸಾಮಾನ್ಯವಾಗಿ ಆರು ತಿಂಗಳು ಎರಡೂ, ಅಟ್ಯಾಕ್ ಆಗಿದ್ದರೆ ಒಂದು ವರ್ಷ. ಎರಡು ಸ್ಟೆಂಟಿನ ಕವಲಾದರೆ ಇನ್ನೂ ಮುಂದುವರಿಸುವುದುಂಟು. ಟಿಕಾಗ್ರೆಲಾರ್‌ಗೆ ಕೆಲವರಿಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆಗ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸಬೇಡಿ. ಎಷ್ಟೋ ಜನ ತಿಂಗಳ ಕೊನೆಗೆ ಬಂದು "ಒಂದೇ ಕೊಡು, ಇನ್ನೊಂದು ಮುಂದಿನ ತಿಂಗಳು" ಅನ್ನುತ್ತಾರೆ. ಅವತ್ತು ಸಾಲ ಬರೆದುಕೊಂಡಾದರೂ ಕೊಡುತ್ತೇನೆ.

ಮಾನ್ವಿ ಕಾಕಾ · ಬುಧವಾರ, ಬೆಳಿಗ್ಗೆ 7:00

ಆಯಿತಪ್ಪ, ಕಷಾಯ ಬೇಡ. ನಮ್ಮ ಪಕ್ಕದ ಮನೆಯವರನ್ನು ಕೇಳಿದೆ. ಅವರಿಗೆ ಬ್ಲಾಕ್ ಇತ್ತು ಅಂತ ಯಾರೂ ಆಂಜಿಯೋಗ್ರಾಂ ಮಾಡೇ ಇರಲಿಲ್ಲವಂತೆ.

ರಾಯಚೂರು ಅಕ್ಕ · ಬುಧವಾರ, ಬೆಳಿಗ್ಗೆ 8:20

ಶುಗರ್ ಇದ್ದವರಿಗೆ ಬೈಪಾಸ್ ಒಳ್ಳೆಯದು ಅಂತ ನಮ್ಮ ಓಣಿಯಲ್ಲಿ ಹೇಳುತ್ತಾರೆ. ಇವರಿಗೆ ಅದು ಬೇಡವಾ?

ಸಿಂಧನೂರಿನವ, ಡಿಎಂ ಓದುತ್ತಿರುವವ · ಬುಧವಾರ, ಮಧ್ಯಾಹ್ನ 1:15

ಓಣಿಯವರು ಹೇಳುವುದು ಪೂರ್ತಿ ಸುಳ್ಳಲ್ಲ ಅಕ್ಕಾ. ಶುಗರ್ ಇದ್ದು ಹಲವು ನಾಳ ಕಟ್ಟಿದ್ದರೆ ಬೈಪಾಸ್ ಮೇಲು. 2012ರಲ್ಲಿ 1900 ಜನರ ಅಧ್ಯಯನ ಅದನ್ನೇ ತೋರಿಸಿತು. ಇವರಿಗೆ ಕಟ್ಟಿರುವುದು ಒಂದೇ ನಾಳ, ಒಂದೇ ಕವಲು. ಹಾಗಾಗಿ ಆ ಲೆಕ್ಕ ಇಲ್ಲಿಗೆ ಬರುವುದಿಲ್ಲ.

ಕಾರಟಗಿ ಹುಡುಗ · ಬುಧವಾರ, ರಾತ್ರಿ 9:00

ಹೈದರಾಬಾದ್ ಡಾಕ್ಟರ್ ಸಿಡಿ ನೋಡಿ ಫೋನ್ ಮಾಡಿದ್ದರು. "ಈಗ ಪೂರ್ತಿ ಕಾಣುತ್ತಿದೆ, ಒಂದರಿಂದ ಶುರು ಮಾಡಲಿ" ಅಂದರು. ಮಾವ ಸ್ವಲ್ಪ ಸಪ್ಪಗಿದ್ದಾರೆ. ನಾಳೆ ಅಡ್ಮಿಟ್. ಕಾರ್ಡಿನ ಕೆಲಸ ಇವತ್ತೇ ಮುಗಿಸಿದೆ.

ಕಾರಟಗಿ ಹುಡುಗ · ಶನಿವಾರ, ಮಧ್ಯಾಹ್ನ 12:30

ನಿನ್ನೆ ಆಯಿತು. ಕೈ ಮಣಿಕಟ್ಟಿನಿಂದಲೇ ಮಾಡಿದರು. ಒಂದು ಗಂಟೆ ಹತ್ತು ನಿಮಿಷ.

ಸ್ಟೆಂಟ್ ಹಾಕಿದ ಕೂಡಲೇ ಡಯಾಗ್ನಲ್ ಬಾಯಿ ತುಂಬಾ ಸಣ್ಣದಾಯಿತಂತೆ. ಕಿಸ್ಸಿಂಗ್ ಬಲೂನ್ ಮಾಡಿ ಮತ್ತೆ ಪಾಟ್ ಮಾಡಿದರಂತೆ. ಐವಸ್ ಹಾಕಿ ನೋಡಿದರು. ಟಿಸಿಲಿನ ಬಾಯಲ್ಲಿ ಇನ್ನೂ 40% ಉಳಿದಿದೆ, ಆದರೆ ರಕ್ತ ಕೊನೆಯವರೆಗೂ ಸರಾಗ. ಎರಡನೇ ಸ್ಟೆಂಟ್ ಹಾಕಲಿಲ್ಲ. ಅಪ್ಪನಿಗೆ ಇವತ್ತೂ ಒಂದೇ ಹಾಕಿದ್ದಾರೆ ಅನ್ನುವ ಅನುಮಾನ ಹೋಗಿಲ್ಲ. "ಇನ್ನೊಂದು ಎಲ್ಲಿಟ್ಟರು" ಅಂತ ನರ್ಸ್ ಅಕ್ಕನಿಗೆ ಕೇಳಿದರಂತೆ.

ಮಾತ್ರೆ ಬಗ್ಗೆ ಗಂಗಾವತಿ ಅಣ್ಣ ಹೇಳಿದ್ದನ್ನು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಹಲ್ಲಿನ ಮಾತೂ ಸೇರಿಸಿ.

ಮುನಿರಾಬಾದ್ ನಿವೃತ್ತ ಎಇ · ಶನಿವಾರ, ಮಧ್ಯಾಹ್ನ 12:34

ಪಾಟ್ ಬಲೂನ್ ಎಷ್ಟು?

ಕಾರಟಗಿ ಹುಡುಗ · ಶನಿವಾರ, ಮಧ್ಯಾಹ್ನ 12:50

ಡಿಸ್ಚಾರ್ಜ್ ಸಮ್ಮರಿಯಲ್ಲಿ 3.75 ಅಂತ ಇದೆ ಸರ್.

ಮುನಿರಾಬಾದ್ ನಿವೃತ್ತ ಎಇ · ಶನಿವಾರ, ಮಧ್ಯಾಹ್ನ 12:52

ನನ್ನ ಲೆಕ್ಕಕ್ಕಿಂತ ಒಂದು ನೂಲು ಜಾಸ್ತಿ. ಇರಲಿ, ಒಳಗೆ ಅಳೆದವರು ಅವರು.

ಕೊಪ್ಪಳ ಸ್ಟಾಫ್ ನರ್ಸ್ · ಶನಿವಾರ, ಮಧ್ಯಾಹ್ನ 1:30

ಆ ಕೈಯಲ್ಲಿ ಒಂದು ವಾರ ಭಾರ ಎತ್ತಿಸಬೇಡ. ಭತ್ತದ ಚೀಲ, ಟ್ರ್ಯಾಕ್ಟರ್ ಸ್ಟೇರಿಂಗ್ ಯಾವುದೂ ಬೇಡ. ಮಣಿಕಟ್ಟು ಊದಿದರೆ, ಬೆರಳು ತಣ್ಣಗಾದರೆ ಫೋನ್ ಮಾಡು. ನೀರು ಚೆನ್ನಾಗಿ ಕುಡಿಸು, ಸೋಮವಾರ ಕ್ರಿಯಾಟಿನಿನ್ ಇನ್ನೊಮ್ಮೆ ನೋಡಿಸು. ಮತ್ತೆ ಆ ಸೋಡಾ ಬಾಟಲಿಗಳನ್ನು ಮನೆಯಿಂದ ತೆಗೆದು ಹಾಕು.